ಬಟ್ಟೆಯ ಹಿಂಬದಿ: ಇಂಗ್ಲೆಂಡಿನ ಕಸೂತಿಗಾರರ ಸಂಘದ ಕಥೆ

ನಮಸ್ಕಾರ. ತೆರೆಯ ಮೇಲೆ ಈಗ ಕಾಣುತ್ತಿರುವುದು ಅಂಗೈಯಗಲದ ಬಿಳಿ ಲಿನನ್ ಬಟ್ಟೆ ಮತ್ತು ಅದರ ಅಂಚಿಗೆ ಕಪ್ಪು ರೇಷ್ಮೆ ಎಳೆಯಲ್ಲಿ ನಾನು ಹಾಕಿದ ಹೊಲಿಗೆ. ಇದನ್ನು ಹಾಕಿದ್ದು ಹ್ಯಾಂಪ್ಟನ್ ಕೋರ್ಟಿನಲ್ಲಿ. ಲಂಡನ್ನಿನ ವಾಟರ್‌ಲೂ ನಿಲ್ದಾಣದಲ್ಲಿ ರೈಲು ಹತ್ತಿ, ಆ ಮಾರ್ಗದ ಕೊನೆಯ ನಿಲ್ದಾಣದಲ್ಲಿ ಇಳಿದು, ಥೇಮ್ಸ್ ನದಿಯ ಸೇತುವೆ ದಾಟಿದರೆ ಎಂಟನೇ ಹೆನ್ರಿ ವಾಸವಾಗಿದ್ದ ಅರಮನೆ ಎದುರಾಗುತ್ತದೆ. ಅದರೊಳಗೆ 1987ರಿಂದ ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್ ಎಂಬ ಕಸೂತಿ ಶಾಲೆ ನಡೆಯುತ್ತಿದೆ. ಅಲ್ಲಿನ ಒಂದು ದಿನದ ತರಗತಿಗೆ ನಾನು ಸೇರಿಕೊಂಡಿದ್ದೆ. ಬ್ಲ್ಯಾಕ್‌ವರ್ಕ್ ಎಂದು ಕರೆಯುವ, ಬಿಳಿ ಬಟ್ಟೆಯ ಮೇಲೆ ಕಪ್ಪು ದಾರದಲ್ಲಿ ಎಳೆ ಎಣಿಸಿ ಹಾಕುವ ಹಳೆಯ ಇಂಗ್ಲಿಷ್ ಕಸೂತಿ ಅಂದಿನ ಪಾಠವಾಗಿತ್ತು. ಒಂದು ಹೊಲಿಗೆಯ ಜಾಗ ಬಿಟ್ಟು ಒಂದು ಹೊಲಿಗೆ ಹಾಕುತ್ತ ಸಾಲಿನ ಕೊನೆಯವರೆಗೆ ಹೋಗಬೇಕು, ಆಮೇಲೆ ಅದೇ ದಾರಿಯಲ್ಲಿ ಹಿಂದಿರುಗುತ್ತ ಬಿಟ್ಟ ಜಾಗಗಳನ್ನು ತುಂಬಬೇಕು, ಸರಿಯಾಗಿ ಹಾಕಿದ್ದರೆ ಬಟ್ಟೆಯ ಎರಡು ಬದಿಗಳಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ ಎಂದು ಶಿಕ್ಷಕಿ ವಿವರಿಸಿದಾಗ ನನಗೆ ನಗು ತಡೆಯಲಾಗಲಿಲ್ಲ. ಅವರು ಅದನ್ನು ಹೋಲ್ಬೈನ್ ಹೊಲಿಗೆ ಎನ್ನುತ್ತಾರೆ. ಧಾರವಾಡದಲ್ಲಿರುವ ನನ್ನ ಸೋದರತ್ತೆ ಅದನ್ನೇ ಗವಂತಿ ಎನ್ನುತ್ತಾರೆ.

ಹೋಲ್ಬೈನ್ ಎಂಬುದು ಹೊಲಿದವರ ಹೆಸರಲ್ಲ, ಚಿತ್ರಕಾರನದು. ಹೆನ್ರಿಯ ಆಸ್ಥಾನದಲ್ಲಿದ್ದ ಹಾನ್ಸ್ ಹೋಲ್ಬೈನ್ ರಾಣಿ ಜೇನ್ ಸೀಮೋರಳ ಭಾವಚಿತ್ರ ಬರೆದಾಗ ಅವಳ ಮುಂಗೈಯ ಬಳಿಯ ಅಂಚಿನ ಕಪ್ಪು ಕಸೂತಿಯನ್ನು ಎಷ್ಟು ನಿಖರವಾಗಿ ಚಿತ್ರಿಸಿದನೆಂದರೆ, ಇಂದಿಗೂ ಆ ಚಿತ್ರವನ್ನು ನೋಡಿ ವಿನ್ಯಾಸವನ್ನು ಬಟ್ಟೆಗೆ ಇಳಿಸಿಕೊಳ್ಳುವವರಿದ್ದಾರೆ. ಆ ರಾಣಿ 1537ರಲ್ಲಿ ತೀರಿಕೊಂಡದ್ದು ನಾನು ಕುಳಿತು ಸೂಜಿಗೆ ದಾರ ಪೋಣಿಸಿದ ಈ ಅರಮನೆಯಲ್ಲಿಯೇ. ತೋಳಿನ ಅಂಚು ಮಡಚಿದಾಗ ಒಳಬದಿಯೂ ಹೊರಗೆ ಕಾಣುತ್ತದೆಯಾದ್ದರಿಂದ ಅಲ್ಲಿ ಎರಡೂ ಬದಿ ಒಂದೇ ಆಗಿರುವ ಹೊಲಿಗೆ ಬೇಕು; ಸೀರೆಯ ಸೆರಗಿಗೂ ಅದೇ ಅಗತ್ಯ. ಯಾರು ಯಾರಿಂದ ಕಲಿತರು ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಎಳೆ ಎಣಿಸಿ ಹೊಲಿಯುವವರಿಗೆ ಎರಡೂ ಬದಿ ಚೆನ್ನಾಗಿರಬೇಕೆಂಬ ಆಸೆ ಹುಟ್ಟಿದರೆ, ಊರು ಯಾವುದೇ ಇರಲಿ, ಸೂಜಿ ಹಿಡಿಯುವ ದಾರಿ ಬಹುಶಃ ಇದೊಂದೇ.

ನನಗೆ ಹತ್ತು ವರ್ಷವಿದ್ದಾಗ ಅತ್ತೆ ಕಸೂತಿ ಕಲಿಸಿದರು. ಗಂಟು ಹಾಕುವಂತಿಲ್ಲ, ಬಟ್ಟೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುವಂತಿಲ್ಲ. ತುಳಸಿಕಟ್ಟೆ, ಗೋಪುರ, ಆನೆ ಏನೇ ಇದ್ದರೂ ಎಳೆ ಎಣಿಸಿಯೇ ಎಬ್ಬಿಸಬೇಕು. ನಾನು ಮುಗಿಸಿ ತಂದದ್ದನ್ನು ಅವರು ಮುಂಬದಿಯಿಂದ ನೋಡಿದ ನೆನಪೇ ನನಗಿಲ್ಲ. "ಹೊಳ್ಳಿಸಿ ತೋರಸವಾ" ಎನ್ನುತ್ತಿದ್ದರು. ಹೊಳ್ಳಿಸಿದ ಮೇಲೆಯೇ ತೀರ್ಪು. ಈ ವಿಡಿಯೋ ಇಂಗ್ಲೆಂಡಿನ ಎಂಬ್ರಾಯ್ಡರರ್ಸ್ ಗಿಲ್ಡ್ ಎಂಬ ರಾಷ್ಟ್ರೀಯ ಕಸೂತಿ ಸಂಘದ ಇತಿಹಾಸವನ್ನು ಕುರಿತದ್ದು. ಆ ಇತಿಹಾಸವನ್ನು ಓದುತ್ತ ಹೋದಂತೆ ನನಗೆ ಅತ್ತೆಯ ಈ ಮಾತು ಮತ್ತೆ ಮತ್ತೆ ಕೇಳಿಸಿತು. ಕಸೂತಿಯನ್ನು ಕಲಿಯಬೇಕಾದರೆ ಬಟ್ಟೆಯನ್ನು ಕೈಗೆತ್ತಿಕೊಂಡು ಹೊಳ್ಳಿಸಿ ನೋಡಬೇಕು. ಅತ್ತೆಯಂಥವರು ಪಕ್ಕದಲ್ಲಿದ್ದರೆ ಅದು ಸುಲಭ. ಹಾಗಿಲ್ಲದೆ ದೂರದ ಊರುಗಳಲ್ಲಿರುವ, ಒಬ್ಬರನ್ನೊಬ್ಬರು ಕಾಣದ ಸಾವಿರಾರು ಜನರ ಕೈಗೆ ಒಳ್ಳೆಯ ಕೆಲಸವನ್ನು ತಲುಪಿಸುವುದು ಹೇಗೆ? ಈ ಸಂಘದ ನೂರು ವರ್ಷಗಳನ್ನು ನಾನು ಈ ಪ್ರಶ್ನೆಯ ಮೂಲಕವೇ ನೋಡುತ್ತೇನೆ.

ಗಿಲ್ಡ್ ಎಂಬ ಮಾತು ನಮಗೆ ಹೊಸದಲ್ಲ. ನಮ್ಮ ಶಾಸನಗಳಲ್ಲಿ ಬರುವ ಶ್ರೇಣಿಗಳು, ಅಯ್ಯಾವೊಳೆಯ ಐನೂರ್ವರು, ಇವೆಲ್ಲ ಅದೇ ಬಗೆಯ ಕಟ್ಟುಗಳು: ಒಂದು ಕಸುಬಿನವರು ಒಟ್ಟಾಗಿ ತಮ್ಮ ನಿಯಮಗಳನ್ನು ತಾವೇ ಮಾಡಿಕೊಂಡು ಅದರಂತೆ ನಡೆಯುವುದು. ಲಂಡನ್ನಿನ ಕಸೂತಿ ಕಸುಬುದಾರರಿಗೂ ಅಂಥದೊಂದು ಹಳೆಯ ಸಂಘವಿತ್ತು. ಬ್ರಾಡರರ್ಸ್ ಕಂಪನಿ ಎಂಬ ಅದಕ್ಕೆ ಮೊದಲನೇ ಎಲಿಜಬೆತ್ ರಾಣಿ 1561ರಲ್ಲಿ ಸನ್ನದು ಕೊಟ್ಟಳು. ಅದಕ್ಕೂ ಮೊದಲು, ಹದಿಮೂರು ಮತ್ತು ಹದಿನಾಲ್ಕನೇ ಶತಮಾನಗಳಲ್ಲಿ, ಇಂಗ್ಲೆಂಡಿನ ಚಿನ್ನದ ದಾರದ ಕಸೂತಿಗೆ ಯುರೋಪಿನಲ್ಲಿ ಸಾಟಿಯಿರಲಿಲ್ಲ. 1246ರಲ್ಲಿ ಪೋಪ್ ನಾಲ್ಕನೇ ಇನ್ನೋಸೆಂಟ್ ಇಂಗ್ಲಿಷ್ ಪಾದ್ರಿಗಳ ಉಡುಪಿನ ಕಸೂತಿಯನ್ನು ಕಂಡು ತನಗೂ ಅಂಥದ್ದು ಬೇಕೆಂದು ಬರೆಸಿ ಕಳಿಸಿದ. 1295ರ ವ್ಯಾಟಿಕನ್ನಿನ ವಸ್ತುಪಟ್ಟಿಯಲ್ಲಿ ಇಂಗ್ಲಿಷ್ ಕೆಲಸ ಎಂಬ ನಮೂದು ನೂರಕ್ಕೂ ಹೆಚ್ಚು ಬಾರಿ ಬರುತ್ತದೆ. ಆ ಕೆಲಸಕ್ಕೆ ಕೂಲಿಯಿತ್ತು, ವರ್ಷಗಟ್ಟಲೆ ಗುರುವಿನ ಕೈಕೆಳಗೆ ದುಡಿದು ಕಲಿಯುವ ಪದ್ಧತಿಯಿತ್ತು.

ಅಲ್ಲಿಂದ ಹತ್ತೊಂಬತ್ತನೇ ಶತಮಾನದ ನಡುಭಾಗಕ್ಕೆ ಬಂದರೆ ಕಾಣುವುದು ಬೇರೆಯೇ ದೃಶ್ಯ. ಬರ್ಲಿನ್ನಿನಿಂದ ಅಚ್ಚಾಗಿ ಬರುತ್ತಿದ್ದ, ಚೌಕುಳಿ ಕಾಗದದ ಮೇಲೆ ಬಣ್ಣ ತುಂಬಿದ ನಮೂನೆಗಳನ್ನು ಮುಂದಿಟ್ಟುಕೊಂಡು, ಒಂದು ಚೌಕಕ್ಕೆ ಒಂದು ಹೊಲಿಗೆಯಂತೆ ಕ್ಯಾನ್ವಾಸಿನ ಮೇಲೆ ಉಣ್ಣೆಯ ದಾರದಲ್ಲಿ ಗುಲಾಬಿ, ಗಿಳಿ, ನಾಯಿಗಳನ್ನು ತುಂಬುವುದೇ ಅನುಕೂಲಸ್ಥರ ಮನೆಗಳ ಹೆಂಗಸರ ಕಸೂತಿಯಾಗಿತ್ತು. ಅದನ್ನು ನಾನು ಹೀಗಳೆಯಲಾರೆ, ನಮ್ಮ ಮನೆಯ ಷೋಕೇಸಿನಲ್ಲಿಯೂ ಅಂಥದೊಂದು ಗಿಳಿ ಇತ್ತು. ಆದರೆ ಒಂದೇ ಹೊಲಿಗೆ ಸಾಕಾದಾಗ ಉಳಿದ ಹೊಲಿಗೆಗಳು ಕೈ ತಪ್ಪುತ್ತವೆ, ಮತ್ತು ಆಗ ಇಂಗ್ಲೆಂಡಿನಲ್ಲಿ ನಡೆದದ್ದು ಅದೇ.

1872ರಲ್ಲಿ ಲೇಡಿ ವಿಕ್ಟೋರಿಯಾ ವೆಲ್ಬಿ ಎಂಬುವರು ಲಂಡನ್ನಿನ ಸ್ಲೋನ್ ಬೀದಿಯಲ್ಲಿ, ಹೆಂಗಸರ ಟೋಪಿಯ ಅಂಗಡಿಯೊಂದರ ಮೇಲಿನ ಸಣ್ಣ ಕೋಣೆಯಲ್ಲಿ, 20 ಜನ ಮಹಿಳೆಯರೊಂದಿಗೆ ಕಸೂತಿ ಶಾಲೆಯನ್ನು ಆರಂಭಿಸಿದರು. ವಿಕ್ಟೋರಿಯಾ ರಾಣಿಯ ಮಗಳು ಹೆಲೆನಾ ಅದರ ಮೊದಲ ಅಧ್ಯಕ್ಷೆಯಾದಳು. 1875ರಲ್ಲಿ ಶಾಲೆಯ ಹೆಸರಿಗೆ 'ರಾಯಲ್' ಸೇರಿತು. ಈ ವೆಲ್ಬಿ ಮುಂದೆ ಪದಗಳ ಅರ್ಥವನ್ನು ಕುರಿತು ಯೋಚಿಸುವ ತತ್ತ್ವಜ್ಞಾನಿಯಾಗಿ ಹೆಸರಾದರು ಎಂಬುದು ನನಗೆ ತುಂಬ ಇಷ್ಟವಾದ ವಿವರ. ಶಾಲೆಗೆ ಎರಡು ಉದ್ದೇಶಗಳಿದ್ದವು. ಒಂದು, ಅಳಿಯುತ್ತಿದ್ದ ಹಳೆಯ ಹೊಲಿಗೆಗಳನ್ನು ಉಳಿಸುವುದು. ಇನ್ನೊಂದು, ಒಳ್ಳೆಯ ಮನೆತನದಲ್ಲಿ ಹುಟ್ಟಿ ಕೈಯಲ್ಲಿ ಕಾಸಿಲ್ಲದ ಹೆಂಗಸರಿಗೆ ಮರ್ಯಾದೆಯ ದುಡಿಮೆ ಒದಗಿಸುವುದು. ಹೊರಗೆ ದುಡಿಯುವುದೇ ಅಗೌರವವೆಂದು ನಂಬಿದ್ದ ವರ್ಗದ ಹೆಣ್ಣುಮಕ್ಕಳಿಗೆ ಸೂಜಿಯೊಂದು ಸಭ್ಯವಾದ ಮರೆಯಾಗಿತ್ತು. ವಿಲಿಯಂ ಮೋರಿಸ್, ಬರ್ನ್-ಜೋನ್ಸ್, ವಾಲ್ಟರ್ ಕ್ರೇನ್ ಮೊದಲಾದವರು ವಿನ್ಯಾಸ ಬರೆದುಕೊಟ್ಟರು, ಹೆಂಗಸರು ಹೊಲಿದರು. 1876ರಲ್ಲಿ ಫಿಲಡೆಲ್ಫಿಯಾದ ದೊಡ್ಡ ಪ್ರದರ್ಶನಕ್ಕೆ ಶಾಲೆಯ ಕೆಲಸ ಹಡಗಿನಲ್ಲಿ ಹೋಯಿತು. ಅದನ್ನು ನೋಡಿದ ಕ್ಯಾಂಡೇಸ್ ವೀಲರ್ ಮರುವರ್ಷವೇ ನ್ಯೂಯಾರ್ಕಿನಲ್ಲಿ ಹೆಂಗಸರ ಕೈಕೆಲಸವನ್ನು ಮಾರಿಸಿಕೊಡುವ ಸಂಸ್ಥೆಯೊಂದನ್ನು ಕಟ್ಟಿದರು.

ಆದರೆ ಶಾಲೆ ಎಂದರೆ ಅದು ಲಂಡನ್ನಿನ ಒಂದು ಕಟ್ಟಡ. ಅಲ್ಲಿ ಕಲಿತು ಊರಿಗೆ ಹೋದವರಿಗೆ, ಅಲ್ಲಿಗೆ ಬರಲಾಗದವರಿಗೆ ಯಾವ ಆಸರೆಯೂ ಇರಲಿಲ್ಲ. 1906ರಲ್ಲಿ ಅದೇ ಶಾಲೆಯ 16 ಜನ ಹಳೆಯ ವಿದ್ಯಾರ್ಥಿಗಳು ಸೇರಿ ಎಂಬ್ರಾಯ್ಡರರ್ಸ್ ಗಿಲ್ಡ್ ಸ್ಥಾಪಿಸಿದರು. ಕಾಲವನ್ನು ಸ್ವಲ್ಪ ಗಮನಿಸಿ. ಲಂಡನ್ನಿನ ಕಲಾವಿದರೂ ಕುಶಲಕರ್ಮಿಗಳೂ 1884ರಲ್ಲಿ ಕಟ್ಟಿದ್ದ ಆರ್ಟ್ ವರ್ಕರ್ಸ್ ಗಿಲ್ಡ್ ಎಂಬ ಹೆಸರಾಂತ ಸಂಘಕ್ಕೆ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ. ತಂದೆ ವಿಲಿಯಂ ಮೋರಿಸರ ಸಂಸ್ಥೆಯ ಕಸೂತಿ ವಿಭಾಗವನ್ನು ಇನ್ನೂ ಎಳೆ ವಯಸ್ಸಿನಲ್ಲೇ, 1885ರಿಂದ, ನಡೆಸಿದ್ದ ಮೇ ಮೋರಿಸ್‌ಗೂ ಅಲ್ಲಿ ಜಾಗವಿರಲಿಲ್ಲ. ಅವರು 1907ರಲ್ಲಿ ಮಹಿಳೆಯರದೇ ಆದ ಬೇರೊಂದು ಕಲಾ ಸಂಘವನ್ನು ಕಟ್ಟಬೇಕಾಯಿತು. ಅಂದರೆ ಆ 16 ಜನ ಗಿಲ್ಡ್ ಎಂಬ ಹಳೆಯ ಗಂಡಸರ ಪದವನ್ನು ಆರಿಸಿಕೊಂಡದ್ದು ಸುಮ್ಮನೆ ಅಲಂಕಾರಕ್ಕೆ ಎಂದು ನನಗನಿಸುವುದಿಲ್ಲ. ತಮ್ಮ ಕೆಲಸದ ಗುಣವನ್ನು ಅಳೆಯುವ ಕೋಲು ತಮ್ಮ ಕೈಯಲ್ಲಿಯೇ ಇರಬೇಕು ಎಂಬ ಹಕ್ಕಿನ ಮಾತು ಆ ಹೆಸರಿನಲ್ಲಿದೆ.

ಮೊದಲ ಮಹಾಯುದ್ಧದ ನಂತರ ಸಂಘಕ್ಕೆ ಹೊಸ ಜೀವ ಬಂತು, ಮತ್ತು 1920ರಲ್ಲಿ ಲೂಯಿಸಾ ಪೆಸೆಲ್ ಅದರ ಮೊದಲ ಅಧ್ಯಕ್ಷೆಯಾದರು. ಇವರ ಬಳಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. 1870ರಲ್ಲಿ, ಉಣ್ಣೆಯ ಗಿರಣಿಗಳ ಊರಾದ ಬ್ರಾಡ್‌ಫರ್ಡಿನಲ್ಲಿ ಹುಟ್ಟಿದವರು. 1903ರಲ್ಲಿ ಅಥೆನ್ಸಿಗೆ ಹೋಗಿ ಅಲ್ಲಿನ ಕಸೂತಿ ಮತ್ತು ಲೇಸ್ ಶಾಲೆಯಲ್ಲಿ ಕೆಲಸ ಮಾಡಿ, ಮುಂದೆ ಅದನ್ನು ನಡೆಸಿದರು. ಗ್ರೀಕ್ ದ್ವೀಪಗಳ ಹಳ್ಳಿಯ ಹೆಂಗಸರು ಹಾಸಿಗೆಯ ಪರದೆಗೂ ಅಂಗಿಯ ಅಂಚಿಗೂ ಹಾಕುತ್ತಿದ್ದ ಹೊಲಿಗೆಗಳನ್ನು ಅವರು ಸಂಗ್ರಹಿಸಿದರು, ಬಿಚ್ಚಿ ನೋಡಿದರು, ದಾರ ಎಲ್ಲಿ ಒಳಗೆ ಹೋಗಿ ಎಲ್ಲಿ ಮೇಲೆ ಬರುತ್ತದೆ ಎಂಬುದನ್ನು ಬರೆದುಕೊಂಡರು. ಊರಿಗೆ ಮರಳಿದ ಮೇಲೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ ಅವರಿಂದ ಹಳೆಯ ಇಂಗ್ಲಿಷ್ ಹೊಲಿಗೆಗಳ ಮಾದರಿ ಬಟ್ಟೆಗಳನ್ನು ಹೊಲಿಸಿಕೊಂಡಿತು. ಮೂಲ ವಸ್ತು ಗಾಜಿನ ಹಿಂದೆ ಇರುತ್ತದೆ, ಅದರ ಬೆನ್ನು ಯಾರಿಗೂ ಕಾಣುವುದಿಲ್ಲ. ಆ ಬೆನ್ನನ್ನು ಊಹಿಸಿ, ಅದೇ ಹೊಲಿಗೆಯನ್ನು ಹೊಸ ಬಟ್ಟೆಯ ಮೇಲೆ ದೊಡ್ಡದಾಗಿ, ಕಲಿಯುವವರಿಗೆ ತಿಳಿಯುವಂತೆ ಹಾಕಿ ತೋರಿಸುವುದು ಪೆಸೆಲ್ ಅವರ ಕೆಲಸವಾಗಿತ್ತು. ವಿದ್ವತ್ತು ಎಂದರೆ ಓದುವುದು ಬರೆಯುವುದು ಮಾತ್ರವೆಂದು ತಿಳಿದವರಿಗೆ ಇದು ವಿದ್ವತ್ತೆಂದು ಹೊಳೆಯುವುದು ಕಷ್ಟ.

ಯುದ್ಧದ ಕಾಲದಲ್ಲಿ ಅವರು ಬ್ರಾಡ್‌ಫರ್ಡಿನಲ್ಲಿ ಖಾಕಿ ಹ್ಯಾಂಡಿಕ್ರಾಫ್ಟ್ಸ್ ಕ್ಲಬ್ ಎಂಬುದನ್ನು ನಡೆಸಿದರು. ಕಂದಕಗಳಲ್ಲಿ ಫಿರಂಗಿಯ ಸದ್ದಿಗೆ ಮನಸ್ಸು ಮುರಿದು, ಕೈ ನಡುಗುತ್ತ ಮರಳಿದ ಸೈನಿಕರಿಗೆ ಅಲ್ಲಿ ಸೂಜಿ ಕೊಟ್ಟು ಕೂರಿಸುತ್ತಿದ್ದರು. ಎಳೆ ಎಣಿಸುವ ಕೆಲಸದಲ್ಲಿ ಮನಸ್ಸು ಬೇರೆಡೆಗೆ ಹೋಗುವಂತಿಲ್ಲ, ಹೋದರೆ ಸಾಲು ತಪ್ಪುತ್ತದೆ. ಬಹುಶಃ ಅದಕ್ಕೇ ಅದು ಅವರಿಗೆ ಒಗ್ಗಿತು. ಗಂಡಸರು ಸೂಜಿ ಹಿಡಿದದ್ದು ಇಲ್ಲಿ ಮಾತ್ರವೇ ಅಲ್ಲ. 1915ರಲ್ಲಿ ಫ್ರಾನ್ಸಿನ ರಣರಂಗದಲ್ಲಿ ಕೈಗೆ ಪೆಟ್ಟಾಗಿ ಮರಳಿದ ನಟ ಅರ್ನೆಸ್ಟ್ ಥೆಸಿಜರ್ ಸ್ವತಃ ಒಳ್ಳೆಯ ಕಸೂತಿಗಾರ. ಅಂಗವಿಕಲ ಸೈನಿಕರು ಕಸೂತಿಯಿಂದ ಸಂಪಾದಿಸುವಂತೆ ಮಾಡಿದ ಸಂಸ್ಥೆಗೆ ದುಡಿದವರಲ್ಲಿ ಅವರೂ ಒಬ್ಬರು.

ಪೆಸೆಲ್ ಅವರ ಕೊನೆಯ ದೊಡ್ಡ ಕೆಲಸವನ್ನು ನಾನು ಕಣ್ಣಾರೆ ನೋಡಿದೆ. ವಿಂಚೆಸ್ಟರ್ ಪಟ್ಟಣದ ಕ್ಯಾಥೆಡ್ರಲ್‌ನಲ್ಲಿ ಗಾಯಕವೃಂದ ಕೂರುವ ಮರದ ಪೀಠಗಳ ಮೇಲೆ ಉದ್ದನೆಯ ಮೆತ್ತೆಗಳಿವೆ, ಮೊಣಕಾಲೂರಿ ಪ್ರಾರ್ಥಿಸುವವರಿಗಾಗಿ 300ಕ್ಕೂ ಹೆಚ್ಚು ದಿಂಬುಗಳಿವೆ. 1930ರ ದಶಕದಲ್ಲಿ ಸಿಬಿಲ್ ಬ್ಲಂಟ್ ಎಂಬ ಕಲಾವಿದೆಯ ಜೊತೆಗೂಡಿ ಪೆಸೆಲ್ ಇವುಗಳ ವಿನ್ಯಾಸವನ್ನು ರೂಪಿಸಿದರು. ಹೊಲಿದವರು ಆ ಸುತ್ತಿನ ಸಾಮಾನ್ಯ ಹೆಂಗಸರು, ಮತ್ತು ಅವರಲ್ಲಿ ಎಷ್ಟೋ ಜನ ಸೂಜಿಗೆ ಹೊಸಬರು. ಎಲ್ಲರ ಕೈಯೂ ಒಂದೇ ತೆರನಾಗಿರುವುದಿಲ್ಲ, ಆದರೂ ಸಾಲಾಗಿ ಜೋಡಿಸಿದಾಗ ಒಂದೇ ಕೆಲಸವೆಂದು ಕಾಣಬೇಕು. ಅದಕ್ಕಾಗಿ ಅವರು ಮೊದಲು ಮಾದರಿಗಳನ್ನು ಹೊಲಿಸಿ, ತಿದ್ದಿಸಿ, ಒಪ್ಪಿಗೆಯಾದ ಮೇಲೆಯೇ ನಿಜವಾದ ಬಟ್ಟೆಯನ್ನು ಕೈಗೆ ಕೊಡುತ್ತಿದ್ದರು. ಆ ದಿಂಬುಗಳ ಬೆನ್ನನ್ನು ನೋಡಬೇಕೆಂದು ನನಗೆ ಬಹಳ ಆಸೆಯಿತ್ತು, ಆದರೆ ಅವನ್ನು ಹೊಲಿದು ಮುಚ್ಚಿರುತ್ತಾರೆ, ಮತ್ತು ಚರ್ಚಿನ ಕಾವಲಿನ ಹಿರಿಯರು ನನ್ನನ್ನು ಆಗಲೇ ಎರಡು ಸಲ ಗಮನಿಸಿದ್ದರು. 1947ರಲ್ಲಿ ತೀರಿಕೊಂಡಾಗ ಪೆಸೆಲ್ ತಮ್ಮ ಇಡೀ ಸಂಗ್ರಹವನ್ನು ಲೀಡ್ಸ್ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದರು.

ಈಗ ನನ್ನ ಮಟ್ಟಿಗೆ ಈ ಕಥೆಯ ಅತ್ಯಂತ ಸ್ವಾರಸ್ಯಕರ ಭಾಗಕ್ಕೆ ಬರುತ್ತೇನೆ. ಇದು ಆರಂಭವಾದದ್ದು ಗಿಲ್ಡಿನ ಹೊರಗೆ, ಸ್ಕಾಟ್ಲೆಂಡಿನಲ್ಲಿ, ಆದರೆ ಕೊನೆಗೆ ಅದರ ದೊಡ್ಡ ಪಾಲು ಗಿಲ್ಡಿನ ಮಡಿಲಿಗೇ ಬಂತು. 1934ರಲ್ಲಿ, ಗ್ಲ್ಯಾಸ್ಗೊ ಸಮೀಪದ ಪೇಸ್ಲಿ ಪಟ್ಟಣದ ಹೆಸರಾಂತ ದಾರದ ಕಂಪನಿ ಜೆ. ಅಂಡ್ ಪಿ. ಕೋಟ್ಸ್, ತನ್ನ ಹೆಸರನ್ನು ಹೊರಗೆಡಹದೆ ಹಣ ಕೊಟ್ಟು, ಅಬರ್ಡೀನ್, ಡಂಡೀ, ಎಡಿನ್‌ಬರೋ ಮತ್ತು ಗ್ಲ್ಯಾಸ್ಗೊ ನಗರಗಳ ನಾಲ್ಕು ಕಲಾಶಾಲೆಗಳೊಂದಿಗೆ ನೀಡಲ್‌ವರ್ಕ್ ಡೆವಲಪ್‌ಮೆಂಟ್ ಸ್ಕೀಮ್ ಎಂಬ ಯೋಜನೆಯನ್ನು ಆರಂಭಿಸಿತು. ಯೋಜನೆ ಬಲು ಸರಳ. ಬೇರೆ ಬೇರೆ ದೇಶಗಳ, ಹಳೆಯ ಮತ್ತು ಹೊಸ ಕಸೂತಿಯ ಒಳ್ಳೆಯ ವಸ್ತುಗಳನ್ನು ಕೊಳ್ಳುವುದು. ಕೊಂಡದ್ದನ್ನು ಬೀಗ ಹಾಕಿ ಇಡದೆ ಶಾಲೆಗಳಿಗೆ, ಕಾಲೇಜುಗಳಿಗೆ, ಮಹಿಳಾ ಸಂಘಗಳಿಗೆ ಎರವಲಾಗಿ ಕಳಿಸುವುದು. ಗ್ರಂಥಾಲಯದ ಪುಸ್ತಕದಂತೆ ಒಂದು ಕಸೂತಿ ಬಟ್ಟೆ ಊರಿಂದ ಊರಿಗೆ ಹೋಗುತ್ತಿತ್ತು. ಯಾವುದೋ ಸಣ್ಣ ಊರಿನ ಹುಡುಗಿಯೊಬ್ಬಳು ತಾನು ಎಂದೂ ಕಾಣದ ದೇಶದ ಹೆಂಗಸೊಬ್ಬಳ ಕೈಕೆಲಸವನ್ನು ಹತ್ತಿರದಿಂದ ನೋಡಿ, ದಾರ ಹೋದ ದಾರಿಯನ್ನು ಹಿಡಿಯಬಹುದಾಗಿತ್ತು.

ದಾರ ಮಾರುವ ಕಂಪನಿಗೆ ಇದರಲ್ಲಿ ಲಾಭದ ಲೆಕ್ಕವೂ ಇತ್ತು ಎನ್ನುವುದರಲ್ಲಿ ಸಂಶಯ ಬೇಡ; ಹೊಲಿಯುವವರು ಹೆಚ್ಚಿದರೆ ದಾರದ ಮಾರಾಟ ಹೆಚ್ಚುತ್ತದೆ. ಆದರೆ ಅದೇ ಲಾಭಕ್ಕಾಗಿ ಅಗ್ಗದ ನಮೂನೆ ಹಾಳೆಗಳನ್ನು ಹಂಚಿ ಕೈ ತೊಳೆದುಕೊಳ್ಳಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಎರಡನೇ ಮಹಾಯುದ್ಧದಲ್ಲಿ ನಿಂತ ಯೋಜನೆ ಯುದ್ಧ ಮುಗಿಯುವ ಹೊತ್ತಿಗೆ ಮತ್ತೆ ಚಾಲೂ ಆಗಿ, ಸ್ಕಾಟ್ಲೆಂಡಿನ ಆಚೆಗೂ ಹರಡಿತು. 1961ರಲ್ಲಿ ಮುಚ್ಚುವ ಹೊತ್ತಿಗೆ ಸಂಗ್ರಹದಲ್ಲಿ ಸುಮಾರು 3,500 ವಸ್ತುಗಳಿದ್ದವು. ಅವುಗಳನ್ನು ವಸ್ತುಸಂಗ್ರಹಾಲಯಗಳಿಗೂ ಕಲಾಶಾಲೆಗಳಿಗೂ ಎಂಬ್ರಾಯ್ಡರರ್ಸ್ ಗಿಲ್ಡಿಗೂ ಹಂಚಲಾಯಿತು. ವಸ್ತುಸಂಗ್ರಹಾಲಯಕ್ಕೆ ಹೋದದ್ದು ಗಾಜಿನ ಹಿಂದೆ ಹೋಯಿತು. ಅದು ತಪ್ಪೆಂದು ಹೇಳುವುದಿಲ್ಲ, ರೇಷ್ಮೆಗೆ ಬೆಳಕೂ ಶತ್ರು, ಬೆರಳ ಬೆವರೂ ಶತ್ರು. ಆದರೂ ಟಪಾಲಿನಲ್ಲಿ ಊರೂರು ತಿರುಗಿದ ಬಟ್ಟೆ ಕೊನೆಗೆ ಕಪಾಟು ಸೇರಿದ್ದನ್ನು ನೆನೆದರೆ ನನಗೆ ಸ್ವಲ್ಪ ಸಂಕಟವಾಗುತ್ತದೆ.

ಇದೇ ದಶಕಗಳಲ್ಲಿ ಇನ್ನೊಂದು ಜಗಳವೂ ನಡೆಯಿತು. ರೆಬೆಕಾ ಕ್ರಾಂಪ್ಟನ್ ಎಂಬ ಕಲಾಶಿಕ್ಷಕಿ ಬಟ್ಟೆಯ ಅಂಚುಗಳನ್ನು ಮಡಚದೆ ಹಾಗೆಯೇ ಬಿಟ್ಟರು, ಕೈಹೊಲಿಗೆಯ ಪಕ್ಕದಲ್ಲಿ ಮಷೀನಿನ ಹೊಲಿಗೆಯನ್ನು ಓಡಿಸಿದರು, ಮೊದಲೇ ಬರೆದಿಟ್ಟ ವಿನ್ಯಾಸವಿಲ್ಲದೆ ಬಟ್ಟೆಯ ಮೇಲೆಯೇ ಯೋಚಿಸುತ್ತ ಹೊಲಿಯಬಹುದೆಂದರು. ಅಚ್ಚುಕಟ್ಟನ್ನೇ ಧರ್ಮವೆಂದು ನಂಬಿದವರಿಗೆ ಇದು ಸುಲಭಕ್ಕೆ ಜೀರ್ಣವಾಗುವಂಥದ್ದಲ್ಲ. ಅವರ ನಂತರ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿ ಕಾನ್‌ಸ್ಟೆನ್ಸ್ ಹೊವರ್ಡ್ ಕಸೂತಿಯನ್ನು ಚಿತ್ರಕಲೆ, ಶಿಲ್ಪಕಲೆಗಳ ಸಾಲಿನಲ್ಲಿ ನಿಲ್ಲಿಸಿದರು. 1951ರ ಫೆಸ್ಟಿವಲ್ ಆಫ್ ಬ್ರಿಟನ್‌ಗಾಗಿ ಅವರೂ ಅವರ ವಿದ್ಯಾರ್ಥಿಗಳೂ ಹಳ್ಳಿಯ ಹೆಂಗಸರ ದುಡಿಮೆಯನ್ನು ತೋರಿಸುವ ಒಂದು ದೊಡ್ಡ ಗೋಡೆಕಸೂತಿಯನ್ನು ಮಾಡಿದರು. ಎರಡೇ ವರ್ಷದ ನಂತರ, 1953ರಲ್ಲಿ, ರಾಯಲ್ ಸ್ಕೂಲಿನ 12 ಜನ ಕಸೂತಿಗಾರ್ತಿಯರು 18 ಬಗೆಯ ಚಿನ್ನದ ದಾರ ಬಳಸಿ, 3,500 ಗಂಟೆ ದುಡಿದು, ಎರಡನೇ ಎಲಿಜಬೆತ್ ರಾಣಿ ಪಟ್ಟಾಭಿಷೇಕದ ದಿನ ಹೊದ್ದ ಉದ್ದನೆಯ ನಿಲುವಂಗಿಗೆ ಕಸೂತಿ ಹಾಕಿದರು. ಈ ಎರಡು ಕೆಲಸಗಳೂ ಒಂದೇ ಕಾಲದವು, ಒಂದೇ ನಗರದವು. ಒಂದರ ಬೆನ್ನು ನಿಷ್ಕಳಂಕವಾಗಿರಬೇಕು, ಇನ್ನೊಂದಕ್ಕೆ ಬೆನ್ನಿನ ಚಿಂತೆಯೇ ಇಲ್ಲ. ಗಿಲ್ಡ್ ಎರಡೂ ಬಗೆಯವರಿಗೆ ಮನೆಯಾಗಿ ಉಳಿಯಿತು ಎಂಬುದೇ ನನಗೆ ಅದರ ಜಾಣತನವಾಗಿ ಕಾಣುತ್ತದೆ. ಅತ್ತೆ ಕ್ರಾಂಪ್ಟನ್ ಪಕ್ಷ ವಹಿಸುತ್ತಿರಲಿಲ್ಲ ಎಂಬುದನ್ನು ಹೇಳಬೇಕಾಗಿಲ್ಲ.

ಗಿಲ್ಡ್ 1932ರಿಂದ ತನ್ನದೇ ಪತ್ರಿಕೆಯನ್ನು ಹೊರತಂದಿತು, ದೇಶದಾದ್ಯಂತ ಶಾಖೆಗಳನ್ನು ಬೆಳೆಸಿತು, ಸಮುದ್ರದಾಚೆಗೂ ಹೋಯಿತು. 1958ರಲ್ಲಿ ಲಂಡನ್ನಿನ ಸಂಘದ ಅಮೆರಿಕದ ಶಾಖೆಯಾಗಿ ಹುಟ್ಟಿದ ಸಂಸ್ಥೆ 1970ರಲ್ಲಿ ಸ್ವತಂತ್ರವಾಗಿ ಎಂಬ್ರಾಯ್ಡರರ್ಸ್ ಗಿಲ್ಡ್ ಆಫ್ ಅಮೆರಿಕ ಎಂಬ ಹೆಸರಿನಲ್ಲಿ ನಿಂತಿತು. ಅದರ ಕೇಂದ್ರ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿದೆ. ನಮ್ಮ ಕಡೆ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ, ಸಂಡೂರಿನ ಲಂಬಾಣಿ ಕಸೂತಿಗೂ ಸಿಕ್ಕಿದೆ. ಇವು ಹೆಸರಿಗೆ ಕಾವಲು. ಸದಸ್ಯರೇ ಒಬ್ಬರ ಕೆಲಸವನ್ನು ಇನ್ನೊಬ್ಬರು ಹೊಳ್ಳಿಸಿ ನೋಡುವ ಇಂಥ ಕೂಟ ಧಾರವಾಡದಲ್ಲಿ ನಾನು ಬೆಳೆದ ಓಣಿಯಲ್ಲಿಯೂ ಇತ್ತು, ಆದರೆ ಅದಕ್ಕೆ ಹೆಸರಿರಲಿಲ್ಲ, ರಶೀದಿ ಪುಸ್ತಕವಿರಲಿಲ್ಲ. ಮಧ್ಯಾಹ್ನದ ಊಟ ಮುಗಿದ ಮೇಲೆ ಪಡಸಾಲೆಯಲ್ಲಿ ಅದು ಸೇರುತ್ತಿತ್ತು.

ತರಗತಿ ಮುಗಿದ ವಾರವೇ ನಾನು ಈ ಲಿನನ್ ತುಂಡನ್ನು ಕಾಗದದಲ್ಲಿ ಸುತ್ತಿ ಧಾರವಾಡಕ್ಕೆ ಟಪಾಲಿನಲ್ಲಿ ಹಾಕಿದೆ. ಫೋಟೋ ಕಳಿಸಿದರೆ ಸಾಕಾಗುತ್ತಿತ್ತು ಎಂದು ಮನೆಯವರು ಹೇಳಿದರು, ಆದರೆ ಫೋಟೋ ಹೊಳ್ಳಿಸಿದರೆ ಏನು ಕಂಡೀತು. ಹದಿನೆಂಟು ದಿನಗಳ ನಂತರ ಅತ್ತೆಯ ಫೋನ್ ಬಂತು. ಅರಮನೆಯ ಬಗ್ಗೆಯಾಗಲಿ ರಾಣಿಯ ಬಗ್ಗೆಯಾಗಲಿ ಅವರು ಕೇಳಲಿಲ್ಲ. "ಮೂರನೇ ಸಾಲಿನ್ಯಾಗ ಒಂದು ಗಂಟು ಅದ, ನಿಮ್ಮ ಟೀಚರ್ ನೋಡ್ಲಿಲ್ಲೇನು?" ಎಂದರು. ಬಟ್ಟೆ ಈಗ ನನ್ನ ಬಳಿ ಮರಳಿ ಬಂದಿದೆ, ತೆರೆಯ ಮೇಲೆ ನೀವು ನೋಡುತ್ತಿರುವುದು ಅದರ ಹಿಂಬದಿ. ಬಲಗಡೆಯಿಂದ ಎಣಿಸಿದರೆ ಆ ಗಂಟು ನಿಮಗೂ ಕಾಣುತ್ತದೆ.